ಟ್ಯಾಬ್ ಸಾಕೇ, ಸ್ಟಾಫ್ ಬೇಕೇ? ಲ್ಯೂಟ್ ವಾದಕರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಹನ್ನೆರಡು ವರ್ಷ ಗಿಟಾರ್ ನುಡಿಸಿದವನು ನಾನು. ಜರ್ಮನಿಯಲ್ಲಿರುವ ಭಾವ ಎರಡು ವರ್ಷದ ಹಿಂದೆ ಎಂಟು ಕೋರ್ಸಿನ ಲ್ಯೂಟ್ ತಂದುಕೊಟ್ಟರು (ಲ್ಯೂಟ್ ಯುರೋಪಿನ ಹಳೆಯ ತಂತಿವಾದ್ಯ; ಕೋರ್ಸ್ ಎಂದರೆ ಒಟ್ಟಿಗೆ ಮೀಟುವ ತಂತಿಗಳ ಜೋಡಿ, ಮೊದಲನೆಯದು ಸಾಮಾನ್ಯವಾಗಿ ಒಂಟಿ ತಂತಿ). ಅಂದಿನಿಂದ ಅಂತರ್ಜಾಲದಲ್ಲಿ ಸಿಗುವ ಟ್ಯಾಬ್ (ಬೆರಳಿಡುವ ಜಾಗ ತೋರಿಸುವ ಬರಹ) ಅರೇಂಜ್‌ಮೆಂಟ್‌ಗಳನ್ನು ನೋಡಿಯೇ ನುಡಿಸುತ್ತಿದ್ದೇನೆ. ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿಯಾದ ಸ್ಟಾಫ್ ನೊಟೇಶನ್ ಓದಲು ಬರುವುದಿಲ್ಲ. ಈ ಬಾರಿ ಮಂಗಳೂರಿನ ಒಂದು ಚರ್ಚ್ ಕ್ವಾಯರ್‌ನವರು ಕ್ರಿಸ್‌ಮಸ್ ಹಾಡುಗಳಿಗೆ ಜೊತೆ ನುಡಿಸಲು ಕರೆದಿದ್ದಾರೆ. ಅವರು ಕೊಟ್ಟ ಹಾಳೆಯಲ್ಲಿ ಇರುವುದು ನಾಲ್ಕು ದನಿಗಳ ಸ್ಟಾಫ್. ಕ್ವಾಯರ್ ಮಾಸ್ಟರ್ ‘ಟ್ಯಾಬ್ ಎಂದರೆ ಓದಲು ಬಾರದವರ ಊರುಗೋಲು’ ಎಂದರು. ಗೆಳೆಯರು ‘ಹಳೆಯ ಲ್ಯೂಟ್ ವಾದಕರೆಲ್ಲ ಟ್ಯಾಬನ್ನೇ ಓದುತ್ತಿದ್ದರು, ನಿನಗೇಕೆ ಚಿಂತೆ’ ಎನ್ನುತ್ತಾರೆ. ನಾನೇನು ಮಾಡಬೇಕು? (ಉಡುಪಿಯ ಓದುಗರು)

ಉತ್ತರ: ಸ್ಟಾಫ್ ಕಲಿಯಿರಿ, ಆದರೆ ಟ್ಯಾಬನ್ನು ಬಿಟ್ಟು ಸ್ಟಾಫಿಗೆ ಹೋಗಬೇಕೆಂದು ತಿಳಿಯಬೇಡಿ. ಸ್ಟಾಫಿನಲ್ಲಿರುವ ಸಂಗೀತವನ್ನು ನೀವೇ ಪೆನ್ಸಿಲ್ ಹಿಡಿದು ಟ್ಯಾಬಿಗೆ ಇಳಿಸಬಲ್ಲಷ್ಟು ಮಟ್ಟಿಗೆ ಕಲಿಯಿರಿ. ಲ್ಯೂಟ್ ನುಡಿಸುವವರಿಗೆ ನನ್ನ ಸಲಹೆ ಎಂದಿಗೂ ಇದೇ. ಕ್ವಾಯರ್ ಮಾಸ್ಟರರ ಮಾತು ಮತ್ತು ನಿಮ್ಮ ಗೆಳೆಯರ ಮಾತು ಎರಡೂ ಎಲ್ಲಿ ಜಾರುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ಕಲಿಯಬೇಕಾದ ಕ್ರಮ ಅಲ್ಲಿಂದಲೇ ಹೊರಡುತ್ತದೆ.

ಟ್ಯಾಬ್ ಎಂಬುದು ಯಾವ ಬಗೆಯ ಬರಹ ಎಂಬುದನ್ನು ನಮ್ಮ ಊರಿನವರಿಗೆ ತಿಳಿಸುವುದು ಕಷ್ಟವಲ್ಲ. ಯಕ್ಷಗಾನದಲ್ಲಿ ಮದ್ದಳೆ ಕಲಿಯುವವರು ಮೊದಲು ಬಾಯಿತಾಳ ಕಲಿಯುತ್ತಾರೆ. ಅದರ ಒಂದೊಂದು ಅಕ್ಷರವೂ ಕೈ ಎಲ್ಲಿ, ಹೇಗೆ ಬೀಳಬೇಕೆಂಬುದನ್ನು ಹೇಳುತ್ತದೆ. ಟ್ಯಾಬ್ ಕೂಡ ಕೈಯ ಬರಹವೇ. ಯಾವ ಸ್ವರ ಕೇಳಿಸಬೇಕು ಎಂದು ಅದು ಹೇಳುವುದಿಲ್ಲ, ಯಾವ ತಂತಿಯ ಯಾವ ಫ್ರೆಟ್ಟಿನಲ್ಲಿ (ಮೆಟ್ಟಿಲಿನಲ್ಲಿ) ಬೆರಳಿಡಬೇಕು ಎಂದು ಹೇಳುತ್ತದೆ. ಸ್ಟಾಫ್ ನೊಟೇಶನ್ ಇದಕ್ಕೆ ತಿರುಗುಮುರುಗು: ಸ್ವರವನ್ನು ಹೇಳಿ ಕೈಯನ್ನು ನಿಮಗೇ ಬಿಡುತ್ತದೆ. ಆ ಮಟ್ಟಿಗೆ ಅದು ನಮ್ಮ ಕರ್ನಾಟಕ ಸಂಗೀತದ ಸ್ವರಬರಹಕ್ಕೆ ಹತ್ತಿರ, ಏಕೆಂದರೆ ‘ಸ ರಿ ಗ ಮ’ ಎಂದು ಬರೆದ ಪುಸ್ತಕ ವೀಣೆಯವರಿಗೂ ಪಿಟೀಲಿನವರಿಗೂ ಹಾಡುವವರಿಗೂ ಒಂದೇ. ಆ ಸ್ವರಬರಹವೂ ಗಮಕವನ್ನು ಗುರುವಿನ ಪಾಠಕ್ಕೆ ಬಿಟ್ಟಿತ್ತು. ಅದಕ್ಕಾಗಿಯೇ 1904ರಲ್ಲಿ ಎಟ್ಟಯಾಪುರದಿಂದ ಹೊರಬಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸುಬ್ಬರಾಮ ದೀಕ್ಷಿತರು ಗಮಕಗಳಿಗೆ ಬೇರೆಯೇ ಚಿಹ್ನೆಗಳನ್ನು ಬಳಸಬೇಕಾಯಿತು. ಬರಹ ಯಾವುದಾದರೂ ಏನನ್ನೋ ಬಿಟ್ಟೇ ಬಿಡುತ್ತದೆ. ಬಿಟ್ಟದ್ದನ್ನು ತುಂಬುವವರು ಯಾರು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಕ್ವಾಯರ್ ಮಾಸ್ಟರರ ಕುಹಕಕ್ಕೆ ಐನೂರು ವರ್ಷಗಳ ಇತಿಹಾಸವಿದೆ ಎಂದರೆ ಅವರಿಗೂ ಆಶ್ಚರ್ಯವಾದೀತು. ಲ್ಯೂಟ್ ಟ್ಯಾಬಿನ ಮೊದಲ ಮುದ್ರಿತ ಪುಸ್ತಕ 1507ರಲ್ಲಿ ವೆನಿಸ್ ನಗರದಲ್ಲಿ ಪೆಟ್ರುಚ್ಚಿಯ ಮುದ್ರಣಾಲಯದಿಂದ ಬಂತು; ಅದರಲ್ಲಿರುವುದು ಫ್ರಾನ್ಚೆಸ್ಕೊ ಸ್ಪಿನಾಚಿನೊ ಅವರ ಸಂಗೀತ. ಟ್ಯಾಬ್ ಓದುವುದು ಹೇಗೆಂದು ವಿವರಿಸುವ ಒಂದು ಚಿಕ್ಕ ಸೂಚನೆ ಆ ಪುಸ್ತಕದಲ್ಲಿದೆ, ಮತ್ತು ಅದು ‘ಹಾಡಲು ತಿಳಿಯದವರಿಗಾಗಿ’ ಬರೆದದ್ದು. ಹಾಡಲು ತಿಳಿಯದವರು ಎಂದರೆ ಆಗಿನ ಮಾತಿನಲ್ಲಿ ಗಾಯಕರ ಸ್ವರಲಿಪಿ ಓದಲು ಬಾರದವರು. ಹಾಗಾಗಿ ಊರುಗೋಲು ಎಂಬ ಮಾತಿನಲ್ಲಿ ಒಂದು ಹನಿ ಸತ್ಯ ಇಲ್ಲದಿಲ್ಲ. ಆದರೆ ಅದೇ ಪುಸ್ತಕದ ಪುಟ ತಿರುವಿದರೆ ಇನ್ನೊಂದು ಸಂಗತಿ ಎದುರಾಗುತ್ತದೆ: ಅದರ ದೊಡ್ಡ ಪಾಲು, ಹಲವು ದನಿಗಳಿಗೆಂದು ರಚಿಸಿದ ಹಾಡುಗಳನ್ನು ಲ್ಯೂಟಿಗೆ ಇಳಿಸಿಕೊಂಡದ್ದು. ಆ ಹಾಡುಗಳು ಮೂಲದಲ್ಲಿ ಗಾಯಕರ ಲಿಪಿಯಲ್ಲಿದ್ದವು, ಅದೂ ಒಂದೊಂದು ದನಿ ಒಂದೊಂದು ಕಡೆ ಬೇರೆಬೇರೆಯಾಗಿ. ಅವನ್ನೆಲ್ಲ ಓದಿ, ಮನಸ್ಸಿನಲ್ಲಿ ಕೂಡಿಸಿ, ಆರು ಕೋರ್ಸಿನ ವಾದ್ಯದಲ್ಲಿ ಕೈಗೆ ಎಟಕುವಂತೆ ಹೊಂದಿಸಿದವರಿಗೆ ಆ ಲಿಪಿ ಬಾರದಿರಲು ಹೇಗೆ ಸಾಧ್ಯ? ಓದುವವನಿಗೆ ಸ್ವರಲಿಪಿ ಬೇಕಾಗಿರಲಿಲ್ಲ, ಬರೆದವನಿಗೆ ಬೇಕಾಗಿತ್ತು. ನಿಮ್ಮ ಗೆಳೆಯರು ಈ ಎರಡನೆಯ ಭಾಗವನ್ನು ಮರೆತಿದ್ದಾರೆ.

ಈ ಇಳಿಸುವ ಕೆಲಸವನ್ನು ಆ ಕಾಲದವರು ಒಂದು ವಿದ್ಯೆಯೆಂದೇ ಎಣಿಸಿದ್ದರು. ಖಗೋಳವಿಜ್ಞಾನಿ ಗೆಲಿಲಿಯೊನ ತಂದೆ ವಿಂಚೆನ್ಸೊ ಗೆಲಿಲಿ ಸ್ವತಃ ಲ್ಯೂಟ್ ವಾದಕರು. ಅವರು 1568ರಲ್ಲಿ ಪ್ರಕಟಿಸಿ 1584ರಲ್ಲಿ ಪರಿಷ್ಕರಿಸಿದ ‘ಫ್ರೋನಿಮೊ’ ಎಂಬ ಪುಸ್ತಕ ಸಂವಾದದ ರೂಪದಲ್ಲಿದ್ದು, ಹಾಡಿನ ದನಿಗಳನ್ನು ಲ್ಯೂಟಿನ ಟ್ಯಾಬಿಗೆ ತರುವುದು ಹೇಗೆಂಬುದೇ ಅದರ ಮುಖ್ಯ ವಿಷಯ. ಕ್ವಾಯರ್ ಮಾಸ್ಟರ್ ಕೊಟ್ಟ ಹಾಳೆಯನ್ನು ಮುಂದಿಟ್ಟುಕೊಂಡು ನೀವು ಮಾಡಬೇಕಾದದ್ದೂ ಇದನ್ನೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ‘ಟ್ಯಾಬ್’ ಎಂಬ ಒಂದೇ ಪದದಿಂದ ಎರಡು ಬೇರೆ ವಸ್ತುಗಳನ್ನು ಕರೆಯುತ್ತಿದ್ದೀರಿ. ಜಾನ್ ಡೌಲಂಡ್ ಅವರದ್ದೋ ಸಿಲ್ವಿಯಸ್ ಲಿಯೊಪೋಲ್ಡ್ ವೈಸ್ ಅವರದ್ದೋ ಲ್ಯೂಟ್ ರಚನೆ ಹಳೆಯ ಟ್ಯಾಬಿನಲ್ಲಿಯೇ ಉಳಿದು ಬಂದಿದ್ದರೆ ಅದು ಮೂಲ; ಅದನ್ನು ಬೇರೆ ಲಿಪಿಯಲ್ಲಿ ಹುಡುಕುವ ಅಗತ್ಯವಿಲ್ಲ. ಆದರೆ ಹಾಡನ್ನೋ ಪಿಟೀಲಿನ ಕೃತಿಯನ್ನೋ ಇಂದಿನವರು ಯಾರೋ ಲ್ಯೂಟಿಗೆಂದು ಟ್ಯಾಬ್ ಮಾಡಿ ಹಾಕಿದ್ದರೆ ಅದು ಮೂಲವಲ್ಲ, ಅವರ ತೀರ್ಮಾನಗಳ ಮೊತ್ತ. ಯಾವ ದನಿಯನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು, ಬಾಸ್ ಸ್ವರವನ್ನು, ಅಂದರೆ ಅತಿ ಕೆಳಗಿನ ದನಿಯ ಸ್ವರವನ್ನು, ಒಂದು ಸ್ಥಾಯಿ ಮೇಲೆತ್ತಬೇಕೇ ಎಂಬುದನ್ನೆಲ್ಲ ಅವರು ಮೊದಲೇ ತೀರ್ಮಾನಿಸಿದ್ದಾರೆ. ತೀರ್ಮಾನ ಕೆಟ್ಟದ್ದಾಗಿದ್ದರೂ ನಿಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಟ್ಯಾಬಿನಲ್ಲಿ ತಪ್ಪು ಸ್ವರವೂ ಸರಿ ಸ್ವರದಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಮೊದಲನೆಯ ಬಗೆಯ ಟ್ಯಾಬನ್ನು ಓದುವುದು ವಿದ್ಯೆ. ಎರಡನೆಯದಕ್ಕೆ ಜೋತುಬೀಳುವುದು ಮಾತ್ರ ಊರುಗೋಲು, ಅಷ್ಟನ್ನು ನಾನೂ ಒಪ್ಪುತ್ತೇನೆ.

ಟ್ಯಾಬ್ ಏನನ್ನು ಮುಚ್ಚಿಡುತ್ತದೆ ಎಂಬುದನ್ನು ನಿಮ್ಮ ವಾದ್ಯದ ಮೇಲೆಯೇ ನೋಡೋಣ. ನಿಮ್ಮ ಲ್ಯೂಟಿನ ಶ್ರುತಿ ಸಾಮಾನ್ಯ ಜಿ ಶ್ರುತಿ ಎಂದು ಭಾವಿಸುತ್ತೇನೆ. ಪಾಶ್ಚಾತ್ಯ ಸ್ವರಗಳ ಅಕ್ಷರದ ಹೆಸರುಗಳಲ್ಲಿ ಹೇಳುವುದಾದರೆ, ಮೊದಲ ಕೋರ್ಸಿನಿಂದ ಆರನೆಯದರವರೆಗೆ ಜಿ, ಡಿ, ಎ, ಎಫ್, ಸಿ, ಜಿ. ಒಂದು ಸಾಲು ಮುಗಿಯುವಾಗ ಬರುವ ಬಹು ಸಾಮಾನ್ಯವಾದ ಮುಕ್ತಾಯವನ್ನು ನುಡಿಸಿ: ಐದನೇ ಕೋರ್ಸಿನ ಎರಡನೇ ಫ್ರೆಟ್ಟಿನಲ್ಲಿ ಬಾಸಿನ ಡಿ, ಖಾಲಿ ಮೂರನೇ ಕೋರ್ಸಿನಲ್ಲಿ ಎ, ಅವುಗಳ ಮೇಲೆ ಖಾಲಿ ಮೊದಲ ತಂತಿಯಲ್ಲಿ ಜಿ, ಬಳಿಕ ಎರಡನೇ ಕೋರ್ಸಿನ ನಾಲ್ಕನೇ ಫ್ರೆಟ್ಟಿನಲ್ಲಿ ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲಿನದು), ಕೊನೆಗೆ ಜಿ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ಟ್ಯಾಬಿನಲ್ಲಿ ಆ ಜಿ ಒಂದು ಗೆರೆಯ ಮೇಲಿದೆ, ಎಫ್ ಶಾರ್ಪ್ ಇನ್ನೊಂದು ಗೆರೆಯ ಮೇಲಿದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲವೆಂಬಂತೆ. ಮೇಲೆ ಬರೆದ ಲಯದ ಚಿಹ್ನೆ ಮುಂದಿನ ಮೀಟಿಗೆ ಎಷ್ಟು ಹೊತ್ತಿದೆ ಎಂದಷ್ಟೇ ಹೇಳುತ್ತದೆ. ಒಂದು ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳುವುದಿಲ್ಲ. ಹಾಗಾಗಿ ನೀವು ಎಫ್ ಶಾರ್ಪ್ ಮೀಟಿದಾಗಲೂ ಮೊದಲ ತಂತಿಯ ಜಿ ಮೊಳಗುತ್ತಲೇ ಇರುತ್ತದೆ, ಅರ್ಧ ಸ್ವರದ ಅಂತರದಲ್ಲಿ ಎರಡೂ ಉಜ್ಜಿಕೊಳ್ಳುತ್ತವೆ, ಮತ್ತು ನಿರಾಳವಾಗಬೇಕಾದ ಜಾಗದಲ್ಲಿ ಕಿವಿಗೆ ಮರಳು ಸಿಕ್ಕಿದ ಹಾಗಾಗುತ್ತದೆ.

ಸ್ಟಾಫಿನಲ್ಲಿ ಇದೇ ಜಾಗವನ್ನು ನೋಡಿದರೆ ಜಿ ಮತ್ತು ಎಫ್ ಶಾರ್ಪ್ ಒಂದೇ ದನಿಯ ಎರಡು ಹೆಜ್ಜೆಗಳೆಂಬುದು ಕಣ್ಣಿಗೆ ಬೀಳುತ್ತದೆ. ಜಿ ತನ್ನ ಕಾಲ ಮುಗಿಸಿ ಎಫ್ ಶಾರ್ಪಿಗೆ ಇಳಿಯುತ್ತದೆ, ಅಲ್ಲಿಂದ ಮತ್ತೆ ಜಿಗೆ ಏರುತ್ತದೆ. ಹಾಡುವವರೊಬ್ಬರೇ ಎರಡು ಸ್ವರಗಳನ್ನು ಒಟ್ಟಿಗೆ ಹಾಡಲಾರರಲ್ಲ! ಇದು ತಿಳಿದ ಮೇಲೆ ನೀವು ಬಲಗೈ ಬೆರಳಿನಿಂದ ಮೊದಲ ತಂತಿಯನ್ನು ಮುಟ್ಟಿ ನಿಲ್ಲಿಸುತ್ತೀರಿ, ಅಥವಾ ಇನ್ನೂ ಚೆನ್ನಾಗಿ, ಆ ಮೊದಲ ಜಿಯನ್ನು ಖಾಲಿ ತಂತಿಯಲ್ಲಿ ನುಡಿಸದೆ ಎರಡನೇ ಕೋರ್ಸಿನ ಐದನೇ ಫ್ರೆಟ್ಟಿನಲ್ಲಿಯೇ ಹಿಡಿಯುತ್ತೀರಿ. ಆಗ ಅದೇ ಕೋರ್ಸಿನಲ್ಲಿ ಐದರಿಂದ ನಾಲ್ಕಕ್ಕೆ ಬೆರಳು ಬದಲಾದೊಡನೆ ಜಿ ತಾನಾಗಿ ಸುಮ್ಮನಾಗುತ್ತದೆ. ಬೆರಳುಗಳನ್ನು ಸ್ವಲ್ಪ ಅಗಲಿಸಬೇಕು, ಅಷ್ಟೇ. ಅಂತರ್ಜಾಲದ ಅರೇಂಜ್‌ಮೆಂಟ್‌ಗಳಲ್ಲಿ ಇಂಥ ಕಡೆ ಖಾಲಿ ತಂತಿಯನ್ನೇ ಕೊಟ್ಟಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸುಲಭ ಎಂಬ ಕಾರಣಕ್ಕೆ ಇರಬಹುದು.

ಇಷ್ಟು ಹೇಳಿದ ಮಾತ್ರಕ್ಕೆ ಸ್ಟಾಫ್ ಎಲ್ಲವನ್ನೂ ತಿಳಿಸುತ್ತದೆ ಎಂದು ಕ್ವಾಯರ್ ಮಾಸ್ಟರರು ಬೀಗುವಂತಿಲ್ಲ. ಈಗ ಹೇಳಿದ ಜಿ ಸ್ವರವನ್ನೇ ತೆಗೆದುಕೊಳ್ಳಿ: ಅದು ಮೊದಲ ಕೋರ್ಸಿನಲ್ಲಿ ಖಾಲಿಯಾಗಿ ಸಿಗುತ್ತದೆ, ಎರಡನೆಯದರ ಐದನೇ ಫ್ರೆಟ್ಟಿನಲ್ಲಿ ಸಿಗುತ್ತದೆ, ಮೂರನೆಯದರ ಹತ್ತನೇ ಫ್ರೆಟ್ಟಿನಲ್ಲೂ ಸಿಗುತ್ತದೆ. ಪಿಯಾನೋದಲ್ಲಿ ಒಂದು ಸ್ವರಕ್ಕೆ ಒಂದೇ ಮನೆ. ಲ್ಯೂಟಿನಲ್ಲಿ ಒಂದು ಸ್ವರಕ್ಕೆ ಮೂರು ಮನೆ, ಮೂರರ ದನಿಯೂ ಬೇರೆ. ಹದಿಮೂರು ಕೋರ್ಸುಗಳ ಬರೋಕ್ ಲ್ಯೂಟಿನಲ್ಲಂತೂ ಮೇಲಿನ ಆರು ಕೋರ್ಸುಗಳು ಎಫ್, ಡಿ, ಎ, ಎಫ್, ಡಿ, ಎ ಎಂದು ಒಂದೇ ಕಾರ್ಡಿನ ಮೇಲೆ ನಿಂತಿರುತ್ತವೆ. ವೈಸ್ ಅವರ ಒಂದು ಕೃತಿಯನ್ನು ಸ್ಟಾಫಿಗೆ ತಿರುಗಿಸಿ ಕೊಟ್ಟರೆ, ಅವರು ಯಾವ ತಂತಿಯನ್ನು ಮೊಳಗಲು ಬಿಟ್ಟು ಯಾವುದರ ಮೇಲೆ ಎರಡು ಸ್ವರಗಳನ್ನು ಜಾರಿಸಿದ್ದರು ಎಂಬ ಕುಸುರಿಯೆಲ್ಲ ಅಳಿಸಿಹೋಗುತ್ತದೆ. ಸ್ಟಾಫಿಗೆ ತಿರುಗಿಸಿದವರು ಸ್ವರಗಳ ಕಾಲವನ್ನೂ ಊಹಿಸಿಯೇ ಬರೆದಿರುತ್ತಾರೆ. ಅದೂ ಒಂದು ಅರೇಂಜ್‌ಮೆಂಟೇ ಎಂಬುದು ಗಿಟಾರ್ ಕಡೆಯಿಂದ ಬಂದವರಿಗೆ ಬೇಗ ಹೊಳೆಯುವುದಿಲ್ಲ.

ಬಾಖ್ ಅವರ ಲ್ಯೂಟ್ ಸಂಗೀತದಲ್ಲಿ ಈ ಎರಡೂ ಲಿಪಿಗಳು ಮುಖಾಮುಖಿಯಾಗುತ್ತವೆ. ಅವರ ಕೃತಿಪಟ್ಟಿಯಲ್ಲಿ ಬಿಡಬ್ಲ್ಯೂವಿ 995 ಎಂಬ ಸಂಖ್ಯೆಯ ಜಿ ಮೈನರ್ ಸ್ವೀಟ್ (ನೃತ್ಯಗತಿಯ ರಚನೆಗಳ ಗುಚ್ಛ) ಅವರದ್ದೇ ಐದನೇ ಚೆಲ್ಲೊ ಸ್ವೀಟಿನ ರೂಪಾಂತರ. ಅವರ ಸ್ವಂತ ಕೈಬರಹದ ಪ್ರತಿ ಬ್ರಸೆಲ್ಸ್‌ನಲ್ಲಿದೆ, ಅದು ಸ್ಟಾಫಿನಲ್ಲಿದೆ. ಅದೇ ಕೃತಿಯ ಇನ್ನೊಂದು ಪ್ರತಿ ಲೈಪ್‌ಜಿಗ್‌ನಲ್ಲಿದೆ, ಅದು ಬೇರೆಯವರ ಕೈಯಲ್ಲಿ ಟ್ಯಾಬಿನಲ್ಲಿದೆ. ಬಾಖ್ ಬರೆದ ಸ್ವರಗಳಲ್ಲಿ ಹದಿಮೂರು ಕೋರ್ಸಿನ ವಾದ್ಯಕ್ಕೂ ಎಟಕದಷ್ಟು ಕೆಳಗಿನ ಜಿ ಇದೆ. ಟ್ಯಾಬಿಗೆ ಇಳಿಸುವವರು ಎದುರಿಸಬೇಕಾದ ಕಷ್ಟ ಎಂಥದ್ದು ಎಂಬುದಕ್ಕೆ ಅದೊಂದೇ ಸ್ವರ ಸಾಕು. ಇಂದು ಈ ಸ್ವೀಟನ್ನು ನುಡಿಸುವ ಒಳ್ಳೆಯ ವಾದಕರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತಾರೆ.

ಇನ್ನು ಜೊತೆ ನುಡಿಸುವ ವಿಚಾರ. 1597ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಡೌಲಂಡ್ ಅವರ ಮೊದಲ ಹಾಡುಗಳ ಪುಸ್ತಕವನ್ನು ತೆರೆದರೆ ಎಡಪುಟದಲ್ಲಿ ಮೇಲಿನ ದನಿ ಸ್ಟಾಫಿನಲ್ಲಿದೆ, ಅದರ ಕೆಳಗೇ ಲ್ಯೂಟಿನ ಭಾಗ ಟ್ಯಾಬಿನಲ್ಲಿದೆ. ಬಲಪುಟದಲ್ಲಿ ಉಳಿದ ಮೂರು ದನಿಗಳನ್ನು ಮೂರು ದಿಕ್ಕಿಗೆ ಮುಖಮಾಡಿ ಅಚ್ಚು ಹಾಕಿದ್ದಾರೆ. ಒಂದೇ ಪುಸ್ತಕವನ್ನು ಮೇಜಿನ ನಡುವೆ ಇಟ್ಟು ಸುತ್ತ ಕುಳಿತವರೆಲ್ಲ ತಮ್ಮ ತಮ್ಮ ಕಡೆಯಿಂದ ಓದಿ ಹಾಡಲಿ ಎಂಬುದು ಅದರ ಉಪಾಯ. ನಮ್ಮಲ್ಲಿ ಒಂದು ಬಾಳೆಲೆಯ ಸುತ್ತ ಮೂವರು ಕುಳಿತ ಹಾಗೆ ಎಂದು ಆ ಪುಟವನ್ನು ಮೊದಲು ನೋಡಿದಾಗ ನನಗೆ ಅನಿಸಿತ್ತು. ಅಲ್ಲಿ ಲ್ಯೂಟಿನವನಿಗೆ ಅವನ ಲಿಪಿ, ಗಾಯಕರಿಗೆ ಅವರ ಲಿಪಿ. ಯಾರೂ ಯಾರನ್ನೂ ಹೀಯಾಳಿಸಿಲ್ಲ. ಆದರೆ ಅದಾಗಿ ಕೆಲವೇ ವರ್ಷಗಳಲ್ಲಿ ಇಟಲಿಯಲ್ಲಿ ಲ್ಯೂಟಿನ ದೊಡ್ಡಣ್ಣನಾದ ಥಿಯೋರ್ಬೊ ನುಡಿಸುವವರು ಬಾಸಿನ ಒಂದು ಸಾಲು ಸ್ಟಾಫನ್ನು ಮಾತ್ರ ಮುಂದಿಟ್ಟುಕೊಂಡು, ಅದರ ಮೇಲಿನ ಕಾರ್ಡುಗಳನ್ನು ತಾವೇ ಸ್ಥಳದಲ್ಲೇ ತುಂಬುತ್ತಿದ್ದರು. ಮೊಂಟೆವರ್ಡಿಯ 1607ರ ‘ಓರ್ಫೆಯೊ’ ಸಂಗೀತನಾಟಕದಲ್ಲಿ ಅವರ ಕೆಲಸ ಇದೇ. ಬಾಸ್ ಓದಲು ಬಾರದ ಲ್ಯೂಟ್ ವಾದಕನಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ. ಕ್ವಾಯರ್ ನಿಮ್ಮಿಂದ ಬಯಸುತ್ತಿರುವುದು ಈ ಎರಡನೆಯ ಬಗೆಯ ಕೆಲಸವನ್ನು.

ನಾನೂ ಹಾಗೆ ಕುರ್ಚಿಯಿಲ್ಲದೆ ನಿಂತವನೇ. ಮಂಗಳೂರಿನಲ್ಲಿ ಮೊದಲ ಬಾರಿ ಒಂದು ಕ್ವಾಯರ್ ಜೊತೆ ಅಭ್ಯಾಸಕ್ಕೆ ಹೋದಾಗ ಮಾಸ್ಟರ್ ‘ಹನ್ನೆರಡನೇ ಬಾರ್, ಟೆನರ್, ಬಿ ಫ್ಲ್ಯಾಟ್’ ಎಂದರು. ಬಾರ್ ಎಂದರೆ ಸ್ಟಾಫಿನಲ್ಲಿ ಅಡ್ಡಗೆರೆಗಳ ನಡುವಿನ ತಾಳದ ಭಾಗ, ಟೆನರ್ ಎಂದರೆ ಗಂಡಸರ ಮೇಲಿನ ದನಿ, ಬಿ ಫ್ಲ್ಯಾಟ್ ಎಂದರೆ ಬಿಗಿಂತ ಅರ್ಧ ಸ್ವರ ಕೆಳಗಿನದು. ಮೂವತ್ತು ಜನ ಪೆನ್ಸಿಲ್ ಎತ್ತಿ ಗುರುತು ಹಾಕಿಕೊಂಡರು. ನಾನು ‘ಸರ್, ಅದು ಮೂರನೇ ಕೋರ್ಸಿನ ಒಂದನೇ ಫ್ರೆಟ್ಟೇ?’ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದ ನೋಟ ಇನ್ನೂ ಮರೆತಿಲ್ಲ. ನಾನು ಹೇಳಿದ ಜಾಗ ಸರಿಯಾಗಿಯೇ ಇತ್ತು. ಆದರೆ ಆ ಕೋಣೆಯಲ್ಲಿ ಅದು ಯಾರಿಗೂ ಅರ್ಥವಾಗದ ಭಾಷೆ.

ಈಗ ಕಲಿಯುವ ಕ್ರಮಕ್ಕೆ ಬರುತ್ತೇನೆ. ಗಿಟಾರಿನ ಸ್ಟಾಫ್ ಪುಸ್ತಕ ಕೊಳ್ಳಬೇಡಿ. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳಲು ಸ್ಟಾಫಿನ ಆರಂಭದಲ್ಲಿ ಹಾಕುವ ಚಿಹ್ನೆ; ಟ್ರೆಬಲ್ ಮೇಲಿನ ಸ್ವರಗಳಿಗೆ, ಬಾಸ್ ಕೆಳಗಿನವುಗಳಿಗೆ. ಗಿಟಾರ್ ಸಂಗೀತವನ್ನು ಟ್ರೆಬಲ್ ಕ್ಲೆಫ್‌ನಲ್ಲಿ, ಕೇಳಿಸುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುತ್ತಾರೆ. ಆ ಅಭ್ಯಾಸವನ್ನು ಕ್ವಾಯರ್ ಹಾಳೆಗೆ ಕೊಂಡೊಯ್ದರೆ ಎಲ್ಲವೂ ಒಂದು ಸ್ಥಾಯಿ ತಪ್ಪಿಹೋಗುತ್ತದೆ. ನೀವು ಬಾಸ್ ಕ್ಲೆಫ್‌ನಿಂದ ತೊಡಗಿ. ಲ್ಯೂಟಿಗೂ ಬಾಸ್ ಕ್ಲೆಫ್‌ಗೂ ಹೇಳಿ ಮಾಡಿಸಿದ ಹೊಂದಾಣಿಕೆ ಇದೆ: ಅದರ ಐದು ಗೆರೆಗಳು ಕೆಳಗಿನಿಂದ ಮೇಲಕ್ಕೆ ಜಿ, ಬಿ, ಡಿ, ಎಫ್, ಎ. ಇವುಗಳಲ್ಲಿ ಅತಿ ಕೆಳಗಿನ ಗೆರೆ ನಿಮ್ಮ ಖಾಲಿ ಆರನೇ ಕೋರ್ಸ್, ನಾಲ್ಕನೇ ಗೆರೆ ಖಾಲಿ ನಾಲ್ಕನೇ ಕೋರ್ಸ್, ಅತಿ ಮೇಲಿನ ಗೆರೆ ಖಾಲಿ ಮೂರನೇ ಕೋರ್ಸ್. ಎರಡನೇ ಗೆರೆಯ ಬಿ ಆರನೇ ಕೋರ್ಸಿನ ನಾಲ್ಕನೇ ಫ್ರೆಟ್, ನಡುಗೆರೆಯ ಡಿ ಐದನೇ ಕೋರ್ಸಿನ ಎರಡನೇ ಫ್ರೆಟ್. ಎರಡನೇ ಮತ್ತು ಮೂರನೇ ಗೆರೆಗಳ ನಡುವಿನ ಜಾಗವೇ ಖಾಲಿ ಐದನೇ ಕೋರ್ಸಿನ ಸಿ. ನಿಮ್ಮ ಏಳನೇ ಕೋರ್ಸ್ ಎಫ್‌ಗೆ ಕೂಡಿಸಿದ್ದರೆ ಅದು ಕೆಳಗೆರೆಗೆ ಅಂಟಿಕೊಂಡು ತೂಗುವ ಸ್ವರ. ಇಷ್ಟನ್ನು ಒಂದು ವಾರ ದಿನಕ್ಕೆ ಹತ್ತು ನಿಮಿಷ ಓದಿದರೆ ಕ್ವಾಯರ್ ಹಾಳೆಯ ಬಾಸ್ ಸಾಲು ನಿಮ್ಮ ಹೆಬ್ಬೆರಳಿಗೆ ಬಂದುಬಿಡುತ್ತದೆ. ಟ್ರೆಬಲ್ ಕ್ಲೆಫ್ ಆಮೇಲೆ. ಅದರ ಎರಡನೇ ಗೆರೆ ನಿಮ್ಮ ಖಾಲಿ ಮೊದಲ ತಂತಿ ಎಂಬುದು ನೆನಪಿದ್ದರೆ ಉಳಿದದ್ದನ್ನು ಅಲ್ಲಿಂದ ಎಣಿಸಬಹುದು.

ಬಾಸ್ ಸಾಲು ಕೈಗೆ ಬಂದ ಮೇಲೆ ಹಾಡೊಂದನ್ನು ಆರಿಸಿ, ಕಾಗದದ ಮೇಲೆ ಆರು ಗೆರೆ ಎಳೆದು, ಮೊದಲು ಬಾಸ್ ದನಿಯನ್ನು ಟ್ಯಾಬಿಗೆ ಇಳಿಸಿ. ಬಳಿಕ ಮೇಲಿನ ಸೊಪ್ರಾನೊ ದನಿಯನ್ನು ಸೇರಿಸಿ. ನಡುವಿನ ಎರಡು ದನಿಗಳಲ್ಲಿ ಕೈಗೆ ಎಟಕಿದಷ್ಟನ್ನು ಮಾತ್ರ ತುಂಬಿ. ನಾಲ್ಕೂ ದನಿಗಳನ್ನು ಹಾಡುವವರು ಇದ್ದಾರೆ, ನೀವು ಎಲ್ಲವನ್ನೂ ಹೊರಬೇಕಾಗಿಲ್ಲ. ಫ್ರೆಂಚ್ ಟ್ಯಾಬಿನ ಅಕ್ಷರಗಳನ್ನು ಬಳಸುವವರಾದರೆ ಒಂದು ಎಚ್ಚರಿಕೆ: ಅಲ್ಲಿ ‘ಎ’ ಎಂದರೆ ಖಾಲಿ ತಂತಿ, ಎ ಸ್ವರವಲ್ಲ. ಸ್ಟಾಫ್ ಕಲಿಯಲು ತೊಡಗಿದ ಮೊದಲ ತಿಂಗಳಲ್ಲಿ ನನ್ನ ಬಳಿ ಬಂದವರೆಲ್ಲ ಈ ಗೊಂದಲಕ್ಕೆ ಬಿದ್ದವರೇ, ಹಾಗಾಗಿ ಆ ಅವಧಿಯಲ್ಲಿ ಇಟಾಲಿಯನ್ ಪದ್ಧತಿಯಂತೆ ಅಂಕಿಗಳನ್ನೇ ಬರೆಯಿಸುತ್ತೇನೆ. ಆದರೆ ಇಟಾಲಿಯನ್ ಹಳೆಯ ಪುಸ್ತಕಗಳಲ್ಲಿ ಮೇಲಿನ ತಂತಿಯನ್ನು ಕೆಳಗಿನ ಗೆರೆಯಲ್ಲಿ ಬರೆದಿರುತ್ತಾರೆ. ಅಂಕಿಯನ್ನು ಮಾತ್ರ ಅವರಿಂದ ತೆಗೆದುಕೊಂಡು ಗೆರೆಗಳ ಕ್ರಮವನ್ನು ಗಿಟಾರಿನಂತೆಯೇ ಇಟ್ಟುಕೊಳ್ಳಿ.

ಮ್ಯೂಸ್‌ಸ್ಕೋರ್‌ನಂಥ ಉಚಿತ ತಂತ್ರಾಂಶ ಸ್ಟಾಫನ್ನೂ ಟ್ಯಾಬನ್ನೂ ಒಟ್ಟಿಗೆ ತೋರಿಸುತ್ತದೆ. ನಿಮ್ಮ ಕೆಲಸವನ್ನು ಪರೀಕ್ಷಿಸಲು ಅದನ್ನು ಬಳಸಿ, ಕೆಲಸ ಮಾಡಿಸಲು ಬೇಡ. ಸ್ವರಕ್ಕೆ ಮನೆ ಹುಡುಕುವಾಗ ಅದು ದನಿಯ ನಡೆಯನ್ನು ನೋಡುವುದಿಲ್ಲ. ಮೇಲೆ ಹೇಳಿದ ಮುಕ್ತಾಯವನ್ನು ಕೊಟ್ಟರೆ ಅದೂ ಖಾಲಿ ತಂತಿಯನ್ನೇ ಕೊಡುವ ಸಂಭವ ಹೆಚ್ಚು.

ಕೊನೆಗೆ ಡಿಸೆಂಬರಿಗೆ ಬೇಕಾದ ಎರಡು ಮಾತು. ಟ್ಯಾಬ್ ಮಾತ್ರ ಓದುವವರೆಗೆ ನಿಮ್ಮ ವಾದ್ಯದ ಶ್ರುತಿ ಎಷ್ಟಿದ್ದರೂ ನಡೆಯುತ್ತಿತ್ತು, ಏಕೆಂದರೆ ಒಬ್ಬರೇ ನುಡಿಸುವಾಗ ಅದು ತನ್ನೊಳಗೆ ತಾನು ಸರಿಯಿದ್ದರೆ ಸಾಕು. ಕ್ವಾಯರ್‌ನಲ್ಲಿ ಕೀಬೋರ್ಡ್ ಇರುತ್ತದೆ, ಅದರ ಎ ಸ್ವರ ಸೆಕೆಂಡಿಗೆ 440 ಕಂಪನದ್ದು. ಹಳೆಯ ಸಂಗೀತಕ್ಕೆಂದು ನಿಮ್ಮ ಲ್ಯೂಟಿಗೆ 415ರ ಲೆಕ್ಕದಲ್ಲಿ ತಂತಿ ಕಟ್ಟಿಸಿದ್ದರೆ ಅದು ಸುಮಾರು ಅರ್ಧ ಸ್ವರ ಕೆಳಗಿರುತ್ತದೆ. ಆ ತಂತಿಗಳನ್ನೇ ಬಿಗಿದು ಏರಿಸಲು ಹೋಗಬೇಡಿ, ಮೊದಲ ತಂತಿ ಹರಿಯುತ್ತದೆ. ಬೇರೆ ದಪ್ಪದ ತಂತಿಗಳನ್ನು ಅಕ್ಟೋಬರಿನಲ್ಲೇ ತರಿಸಿಕೊಳ್ಳಿ. ಆಟಿಯ ಮಳೆಯಲ್ಲಿ ಉಬ್ಬಿ ತಿರುಗದೆ ನಿಂತ ಮರದ ಬಿರಡೆಗಳು ಡಿಸೆಂಬರಿನ ಒಣಗಾಳಿಗೆ ಕುಗ್ಗಿ ಜಾರತೊಡಗುತ್ತವೆ. ಅಭ್ಯಾಸಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಶ್ರುತಿ ಮಾಡಿಕೊಳ್ಳುವುದು ಕ್ಷೇಮ. ಎರಡನೆಯದಾಗಿ, ಲ್ಯೂಟಿನ ದನಿ ಬಹಳ ಸಣ್ಣದು. ಪೂರ್ತಿ ಕ್ವಾಯರ್ ಹಾಡುವ ಸಾಲುಗಳಲ್ಲಿ ನೀವು ಎಷ್ಟು ಸರಿಯಾಗಿ ಓದಿ ನುಡಿಸಿದರೂ ಯಾರಿಗೂ ಕೇಳಿಸುವುದಿಲ್ಲ. ಒಬ್ಬರೋ ಇಬ್ಬರೋ ಹಾಡುವ ಒಂದು ಚರಣವನ್ನು ನಿಮ್ಮ ಲ್ಯೂಟಿಗೆಂದು ಬಿಟ್ಟುಕೊಡಲು ಮಾಸ್ಟರರನ್ನು ಈಗಲೇ ಕೇಳಿಕೊಳ್ಳಿ, ಮತ್ತು ಆ ಚರಣದ ಬಾರ್ ಸಂಖ್ಯೆಗಳನ್ನು ನಿಮ್ಮ ಟ್ಯಾಬ್ ಹಾಳೆಯ ಮೇಲೆ ಅವರ ಹಾಳೆಯಲ್ಲಿರುವಂತೆಯೇ ಬರೆದುಕೊಳ್ಳಿ.